ಉಪ್ಪು ಕಡಿಮೆಯಾಗುತ್ತಿದ್ದ ತೊಟ್ಟಿ

ಸಿಂಗಪುರದ ಬೆಡೋಕ್‌ನ ಆ ಮನೆಯಿಂದ ಫೋನ್ ಮಾಡಿದಾಗ ಮೇಡಂ ನೀರು ಸೋರುವ ಮಾತೇ ಎತ್ತಲಿಲ್ಲ. "ಉಪ್ಪು ಕಡಿಮೆ ಆಗ್ತಾ ಇದೆ, ಯಾಕೆ ಅಂತ ಗೊತ್ತಾಗ್ತಿಲ್ಲ" ಎಂದರು.

ಮನೆಗಳಲ್ಲಿರುವ ಸಮುದ್ರದ ನೀರಿನ ತೊಟ್ಟಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ನೀರು ಬದಲಾಯಿಸುತ್ತೇನೆ, ಫಿಲ್ಟರ್ ತೊಳೆಯುತ್ತೇನೆ, ಪಂಪು ಕೆಟ್ಟರೆ ಸರಿ ಮಾಡುತ್ತೇನೆ. ಉಡುಪಿ ಕಡೆಯವಳಾದ ನನಗೆ ಸಿಂಗಪುರದಲ್ಲಿ ಕನ್ನಡ ಮಾತಾಡುವ ಗಿರಾಕಿ ಅಂತ ಇದ್ದವರು ಈ ಮೇಡಂ ಒಬ್ಬರೇ. ಮೈಸೂರಿನವರು, ಬ್ಯೂನಾ ವಿಸ್ಟಾದ ಒಂದು ಲ್ಯಾಬಿನಲ್ಲಿ ಕೆಲಸ. ಗಂಡ ಬೆಂಗಳೂರಿನವರು, ಸಾಫ್ಟ್‌ವೇರ್ ಕೆಲಸವಾದ್ದರಿಂದ ಹೆಚ್ಚಾಗಿ ಮನೆಯಲ್ಲೇ ಇರುತ್ತಿದ್ದರು. ಅವರ ಮನೆಯ ಹಾಲ್‌ನಲ್ಲಿ ಗೋಡೆಗೆ ಒತ್ತಿ ಎರಡೂವರೆ ಅಡಿಯ ಗಾಜಿನ ತೊಟ್ಟಿ, ಅದರೊಳಗೆ ಒಂದು ಜೋಡಿ ಕಡಲಕುದುರೆ.

ಉಪ್ಪಿನ ಮಾತು ಕೇಳಿದ್ದೇ ನನಗೆ ಅನುಮಾನ ಬಂತು. ತೊಟ್ಟಿಯಿಂದ ಆವಿಯಾಗಿ ಹೋಗುವುದು ಬರೀ ನೀರು. ಉಪ್ಪು ಅಲ್ಲೇ ಉಳಿಯುತ್ತದೆ. ಕಡಿಮೆಯಾದಷ್ಟು ಸಿಹಿನೀರು ಹಾಕುತ್ತಾ ಹೋದರೆ ಉಪ್ಪಿನ ಪ್ರಮಾಣ ಇದ್ದ ಹಾಗೇ ಇರಬೇಕು. ಅದು ಇಳಿಯುತ್ತಿದೆ ಎಂದರೆ ಉಪ್ಪುನೀರು ಎಲ್ಲೋ ಹೊರಗೆ ಹೋಗುತ್ತಿದೆ, ಆ ಜಾಗವನ್ನು ಸಿಹಿನೀರು ತುಂಬುತ್ತಿದೆ ಎಂದೇ ಅರ್ಥ.

ಹೋಗಿ ನೋಡಿದರೆ ನೆಲ ಒಣಗಿತ್ತು. ತೊಟ್ಟಿಯ ಕೆಳಗಿನ ಮರದ ಕಪಾಟು ತೆರೆದು, ಫಿಲ್ಟರಿನ ಪೈಪುಗಳಿಗೆಲ್ಲ ಟಿಶ್ಯೂ ಸುತ್ತಿ ಕಾದೆ. ಒಂದು ಜೋಡಣೆಯ ಹತ್ತಿರ ಟಿಶ್ಯೂ ಒದ್ದೆಯಾಯಿತು. ಅಲ್ಲಿ ಬಿಳಿ ಉಪ್ಪಿನ ಹೊಪ್ಪಳೆಯೂ ಕಟ್ಟಿತ್ತು. ಪೈಪನ್ನು ಕತ್ತರಿಸಿ ಹೊಸ ಕ್ಲಿಪ್ ಹಾಕಿದೆ. "ಇಷ್ಟೇ ಮೇಡಂ" ಎಂದು ಹೇಳಿ ಮುಂದಿನ ಮನೆಗೆ ಹೋದೆ. ಆ ಪೈಪಿನಲ್ಲಿ ಒಂದು ಹನಿ ನಿಜವಾಗಿಯೂ ಸೋರುತ್ತಿತ್ತು. ಅದೇ ನನ್ನ ದಾರಿ ತಪ್ಪಿಸಿತು.

ಮುಂದಿನ ವಾರ ಮೇಡಂ ಮತ್ತೆ ಫೋನ್ ಮಾಡಿದರು. ಈ ಸಲ ದನಿ ಬೇರೆಯೇ ಇತ್ತು.

"ಉಪ್ಪು ಮತ್ತೆ ಇಳಿದಿದೆ. ಅದಿರಲಿ, ಕೆಳಗಿನ ಮನೆ ಆಂಟಿ ಮೇಲೆ ಬಂದಿದ್ರು. ಅವರ ಸೀಲಿಂಗ್ ಒದ್ದೆ ಆಗಿದೆಯಂತೆ. ನೀವು ಈಗಲೇ ಬರಕ್ಕಾಗತ್ತಾ?"

ನಾನು ಮೊದಲು ಕೆಳಗಿನ ಮನೆಗೇ ಹೋದೆ. ಆ ಆಂಟಿ ಮಲಯ್ ಹೆಂಗಸು, ಮದುವೆಯ ಬಟ್ಟೆ ಹೊಲಿಯುವವರು. ಸೀಲಿಂಗಿನ ಮೇಲೆ ತಟ್ಟೆಯಗಲದ ಕಂದು ಕಲೆ; ಸರಿಯಾಗಿ ಅದರ ಕೆಳಗೆ ಅವರ ಹೊಲಿಗೆ ಮೇಜು. ಮೇಜಿನ ಮೇಲಿದ್ದ ಬಟ್ಟೆಗಳನ್ನೆಲ್ಲ ಹಾಸಿಗೆಗೆ ಸಾಗಿಸಿ ಪ್ಲಾಸ್ಟಿಕ್ ಹೊದಿಸಿದ್ದರು. ಮಷೀನಿನ ಕಪ್ಪು ಮೈಮೇಲೆ ಒಣಗಿದ ಬಿಳಿ ಚುಕ್ಕೆಗಳು. ಆಂಟಿ ಒಂದನ್ನು ಉಗುರಿನಿಂದ ಕೆರೆದು ನನಗೆ ತೋರಿಸಿದರು.

"ಇದು ಬಾತ್‌ರೂಮಿನ ನೀರಲ್ಲ" ಎಂದರು ಇಂಗ್ಲಿಷಿನಲ್ಲಿ. "ಬಾತ್‌ರೂಮಿನ ನೀರು ಹೀಗೆ ಬೆಳ್ಳಗೆ ಒಣಗಲ್ಲ. ಮೇಲಿರುವವಳು ಒಳ್ಳೆಯ ಹುಡುಗಿ, ಅವಳ ಮೇಲೆ ದೂರು ಕೊಡಲು ನನಗೆ ಇಷ್ಟವಿಲ್ಲ. ಆದರೆ ಬೆಳ್ಳಿ ಜರಿಯ ಮೇಲೆ ಈ ನೀರು ಬಿದ್ದರೆ ನಾನು ಮದುಮಗಳ ಅಮ್ಮನಿಗೆ ಏನು ಹೇಳಲಿ?"

ಇವತ್ತೇ ನೋಡುತ್ತೇನೆ ಎಂದಷ್ಟೇ ಹೇಳಿ ಮೇಲೆ ಬಂದೆ.

ಬಳೆ, ಉಂಗುರ ತೆಗೆದಿಟ್ಟು ಕಪಾಟಿನ ಮುಂದೆ ಮಲಗಿ, ಟಾರ್ಚು ಹಲ್ಲಿನಲ್ಲಿ ಕಚ್ಚಿ, ಹಿಂದಿನ ಮೂಲೆಗೆ ಕೈ ಚಾಚಿದೆ. ಮರ ಮೆತ್ತಗಿತ್ತು. ನೆನೆದ ರೊಟ್ಟಿಯ ಹಾಗೆ ಬೆರಳಿಗೆ ಪುಡಿಯಾಗಿ ಬಂತು. ಕೈಯನ್ನು ಇನ್ನಷ್ಟು ಒಳಗೆ ಸರಿಸಿದ್ದೇ ತಡ, ಬೆರಳ ತುದಿಯಿಂದ ಮೊಣಕೈವರೆಗೆ ಜುಂ ಎಂದು ಹಿಡಿದುಕೊಂಡಿತು. ಕೈ ಕಿತ್ತುಕೊಂಡೆ. ಅದೇ ಕ್ಷಣಕ್ಕೆ ಮೇನ್ ಸ್ವಿಚ್ ಟ್ರಿಪ್ ಆಗಿ ಮನೆಯ ಕರೆಂಟೇ ಹೋಯಿತು.

ತೊಟ್ಟಿಯ ಮೂಲೆಯೇ ಸೋರಿ, ಅದರ ಕೆಳಗಿದ್ದ ಎಕ್ಸ್‌ಟೆನ್ಶನ್ ಬೋರ್ಡಿಗೆ ಉಪ್ಪುನೀರು ಇಳಿದಿತ್ತು. ಪಂಪು, ನೀರು ತಂಪು ಮಾಡುವ ಚಿಲ್ಲರ್, ದೀಪ ಎಲ್ಲದರ ಪ್ಲಗ್ಗು ಅದರಲ್ಲೇ. ಪೈಪಿನ ಹನಿ ನೋಡಿದ ದಿನವೇ ನಾನು ಆ ಬೋರ್ಡನ್ನು ಹೊರಗೆಳೆದು ನೋಡಬೇಕಿತ್ತು.

ಒಳಗಿನಿಂದ ಮೇಡಂನ ಗಂಡ ಹೆಡ್‌ಫೋನ್ ಕೊರಳಿಗೆ ಹಾಕಿಕೊಂಡೇ ಓಡಿಬಂದರು. ನಾನು ಕೈ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದೆ.

"ಶಾಕ್ ಹೊಡೀತಾ?"

"ಸ್ವಲ್ಪ. ಏನೂ ಆಗಿಲ್ಲ ಸರ್. ಸ್ವಿಚ್ ಹಾಕಬೇಡಿ, ಮೊದಲು ಇದರ ಪ್ಲಗ್ ತೆಗೀಬೇಕು."

ಅವರು ಹೆಂಡತಿಯ ಕಡೆ ತಿರುಗಿದರು. ದನಿ ಏರಿಸಲಿಲ್ಲ. "ನೋಡು, ಇದನ್ನ ಇವತ್ತೇ ತೆಗೆದುಬಿಡೋಣ. ಕೆಳಗಡೆ ಆ ಆಂಟಿ ಮನೆ ಹಾಳಾಗ್ತಿದೆ, ಇಲ್ಲಿ ಇವರಿಗೆ ಶಾಕ್ ಹೊಡೀತಿದೆ. ಇನ್ನೇನು ಆಗ್ಬೇಕು?"

ಮೇಡಂ ತೊಟ್ಟಿಯ ಮುಂದೆ ನಿಂತಿದ್ದರು. "ಗಂಡಿಗೆ ದಿನ ತುಂಬ್ತಾ ಇದೆ ಕಣೋ" ಎಂದರು.

ಕಡಲಕುದುರೆಗಳಲ್ಲಿ ಬಸಿರು ಹೊರುವುದು ಗಂಡು. ಹೆಣ್ಣು ಮೊಟ್ಟೆಗಳನ್ನು ಅದರ ಹೊಟ್ಟೆಯ ಚೀಲದಲ್ಲಿಡುತ್ತದೆ. ಮರಿಗಳು ಅಲ್ಲೇ ಬೆಳೆದು, ದಿನ ತುಂಬಿದ ಮೇಲೆ ಚೀಲದಿಂದ ಹೊರಬರುತ್ತವೆ. ಈ ಗಂಡಿನ ಚೀಲ ಉಬ್ಬಿ ಹೊಳೆಯುತ್ತಿತ್ತು. ಇವತ್ತೋ ನಾಳೆಯೋ ಇನ್ನೊಂದು ವಾರಕ್ಕೋ, ಹೇಳುವುದು ಕಷ್ಟ. ಗಾಬರಿಯಾದರೆ ದಿನ ತುಂಬುವ ಮೊದಲೇ ಮರಿಗಳು ಹೊರಬೀಳಬಹುದು.

ಬ್ಯಾಟರಿಯ ಗಾಳಿಪಂಪು ನನ್ನ ಚೀಲದಲ್ಲಿತ್ತು. ಮೊದಲು ಅದನ್ನು ತೊಟ್ಟಿಗೆ ಹಾಕಿದೆ. ಆಮೇಲೆ ನಮ್ಮ ಬಾಸ್‌ಗೆ ಫೋನ್ ಮಾಡಿದೆ. ಅವರು ಕೇಳಿಸಿಕೊಂಡು ಹೇಳಿದ್ದು ಸರಳವಾಗಿತ್ತು: ನೀರಿನೊಳಗೇ ಗಟ್ಟಿಯಾಗುವ ಅಂಟನ್ನು ಮೂಲೆಗೆ ಒಳಗಿನಿಂದ ಮೆತ್ತು, ಒಂದು ಗಂಟೆಯ ಕೆಲಸ, ಮರಿ ಹಾಕಿದ ಮೇಲೆ ಉಳಿದದ್ದು ನೋಡಿಕೊಳ್ಳೋಣ.

ನನಗೂ ಅದೇ ಸರಿ ಅನ್ನಿಸಿತ್ತು. ಅಂಟಿನ ಉಂಡೆ ಕಲಸಿಕೊಳ್ಳಲು ಶುರು ಮಾಡಿದ್ದೆ ಕೂಡ. ಮೆತ್ತುವ ಮುಂಚೆ ಒಮ್ಮೆ ನೋಡೋಣವೆಂದು ರಸಮಟ್ಟವನ್ನು ತೊಟ್ಟಿಯ ಅಂಚಿನ ಮೇಲಿಟ್ಟೆ. ಗುಳ್ಳೆ ನಡುವೆ ನಿಲ್ಲಲಿಲ್ಲ. ಸರಿಸಿ ಸರಿಸಿ ಇಟ್ಟು ನೋಡಿದೆ. ಹಿಂದಿನ ಎಡಮೂಲೆ ಕೆಳಗಿಳಿದಿತ್ತು. ಕೊಳೆತ ಕಪಾಟು ಆ ಮೂಲೆಯಲ್ಲಿ ಕುಸಿಯುತ್ತಿದೆ, ತೊಟ್ಟಿ ಅದರ ಜೊತೆ ತಿರುಚಿಕೊಳ್ಳುತ್ತಿದೆ, ಗಾಜಿಗೂ ಗಾಜಿಗೂ ನಡುವಿನ ಬೆಸುಗೆ ಅಲ್ಲಿ ಬಿಡುತ್ತಿದೆ. ಅಲ್ಲಿಂದ ಇಳಿದ ನೀರು ಕಪಾಟಿನ ತಳದಲ್ಲಿ ಹರಿದು, ನೆಲದ ವಿನೈಲ್ ಹಾಸಿನ ಅಡಿಗೆ ಸೇರಿ, ಕಾಣದೆ ಕೆಳಗಿನ ಮನೆಗೆ ಹೋಗುತ್ತಿತ್ತು. ಈಗ ಮೆತ್ತಿದ ಅಂಟು ಕೆಲವು ದಿನ ಹಿಡಿಯಬಹುದು. ಆಮೇಲೆ ಹನಿಯಾಗಿ ಸೋರುವುದಿಲ್ಲ. ಇಡೀ ಬೆಸುಗೆ ಒಮ್ಮೆಲೇ ಬಿಟ್ಟುಕೊಳ್ಳುತ್ತದೆ.

ಕಲಸಿದ ಅಂಟನ್ನು ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟೆ.

"ಮೇಡಂ, ಇವತ್ತೇ ಖಾಲಿ ಮಾಡಬೇಕು."

"ಅದು ಮರಿ ಹಾಕೋವರೆಗೂ ಕಾಯಕ್ಕಾಗಲ್ವಾ?"

"ಕಾಯೋದು ನಮ್ಮ ಕೈಲಿಲ್ಲ. ಈ ಕಪಾಟು ಎಷ್ಟು ದಿನ ನಿಲ್ಲತ್ತೆ ಅಂತ ನಂಗೆ ಗೊತ್ತಿಲ್ಲ."

"ಸಾಗಿಸುವಾಗ ಅದಕ್ಕೇನಾದ್ರೂ ಆದ್ರೆ?"

"ಆಗಬಹುದು. ಆಗಲ್ಲ ಅಂತ ನಾನು ಹೇಳಲ್ಲ."

ಕೆಳಗಿನ ಮನೆಯಿಂದ ಹೊಲಿಗೆ ಮಷೀನಿನ ಸದ್ದು ಬರುತ್ತಿತ್ತು. ಆಂಟಿ ಮೇಜನ್ನು ಬೇರೆ ಕಡೆ ಎಳೆದುಕೊಂಡು ಕೆಲಸ ಮುಂದುವರಿಸಿದ್ದರು. ಕೊನೆಗೆ ಮೇಡಂ ಅಂಗಿಯ ತೋಳು ಮಡಚುತ್ತಾ, "ನಾನೇನು ಮಾಡ್ಲಿ ಹೇಳಿ" ಎಂದರು.

ಒದ್ದೆ ಬೋರ್ಡನ್ನು ಗೋಡೆಯಿಂದ ಕಳಚಿ ಮೇನ್ ಸ್ವಿಚ್ ಮತ್ತೆ ಹಾಕಿದ ಮೇಲೆ, ಬೆಡ್‌ರೂಮಿನಲ್ಲಿ ಎಸಿ ಹಾಕಿ, ದೊಡ್ಡ ಪ್ಲಾಸ್ಟಿಕ್ ಟಬ್ ಇಟ್ಟು, ತೊಟ್ಟಿಯದೇ ನೀರನ್ನು ಪೈಪಿನಲ್ಲಿ ಎಳೆದು ತುಂಬಿಸಿದೆವು. ಈ ಊರಿನ ಸೆಕೆಯಲ್ಲಿ ಕಡಲಕುದುರೆಯ ನೀರು ಬೇಗ ಬಿಸಿಯಾಗುತ್ತದೆ. ಹಾಗಾಗಿ ಚಿಲ್ಲರನ್ನೂ ಒರೆಸಿ, ಪ್ಲಗ್ಗು ಪರೀಕ್ಷಿಸಿ, ಟಬ್ಬಿಗೇ ಜೋಡಿಸಿದೆ. ಮರಿಗಳು ಹುಟ್ಟಿದರೆ ಪಂಪು ಎಳೆದುಕೊಳ್ಳಬಾರದೆಂದು ಅದರ ಬಾಯಿಗೆ ಸ್ಪಂಜು ಕಟ್ಟಿದೆ.

ಇನ್ನು ಅವುಗಳನ್ನು ಸಾಗಿಸುವುದು. ಬಸಿರಾದ ಗಂಡನ್ನು ಬಲೆಯಲ್ಲಿ ಎತ್ತುವ ಹಾಗಿಲ್ಲ. ನೀರಿನಿಂದ ಹೊರಗೆ ಒಂದು ಉಸಿರಿನಷ್ಟು ಹೊತ್ತು ಇದ್ದರೂ ಚೀಲದೊಳಗೆ ಗಾಳಿ ಸಿಕ್ಕಿಹಾಕಿಕೊಳ್ಳಬಹುದು. ಆಮೇಲೆ ಅದು ತಲೆಕೆಳಗಾಗಿ ತೇಲುತ್ತದೆ, ತಿನ್ನಲಾಗುವುದಿಲ್ಲ. ಅಗಲ ಬಾಯಿಯ ಡಬ್ಬವನ್ನು ನೀರಿನೊಳಗೆ ಅಡ್ಡ ಮುಳುಗಿಸಿ ಹಿಡಿದೆ. ಮೇಡಂ ಇನ್ನೊಂದು ಕಡೆಯಿಂದ ಅಂಗೈಯನ್ನು ಗೋಡೆಯಂತೆ ಹಿಡಿದು ನಿಧಾನವಾಗಿ ಹತ್ತಿರ ತಂದರು. ಹೆಣ್ಣು ಸಲೀಸಾಗಿ ಒಳಗೆ ಬಂತು. ಗಂಡು ಡಬ್ಬದ ಬಾಯಿವರೆಗೆ ಬಂದು ತಿರುಗಿ ಕಲ್ಲಿನ ಹಿಂದೆ ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಅದು ಕಪ್ಪಗಾಗತೊಡಗಿತು, ಹೆದರಿದಾಗ ಅವುಗಳ ಬಣ್ಣ ಹಾಗಾಗುತ್ತದೆ. ನಾನು "ಕೈ ತೆಗೀರಿ, ಸ್ವಲ್ಪ ಬಿಡೋಣ" ಎಂದೆ. ಇಬ್ಬರೂ ತೋಳು ಒದ್ದೆ ಮಾಡಿಕೊಂಡು ಸುಮ್ಮನೆ ನಿಂತೆವು. ಬಹಳ ಹೊತ್ತಿನ ಮೇಲೆ ಅದು ತಾನಾಗಿಯೇ, ಆಹಾರಕ್ಕೆಂದು ಬಿಟ್ಟಿದ್ದ ಒಂದು ಸೀಗಡಿ ಮರಿಯ ಹಿಂದೆ, ಡಬ್ಬದೊಳಗೆ ತೇಲಿ ಬಂತು. ಮುಚ್ಚಳವನ್ನು ನೀರೊಳಗೇ ಹಾಕಿ, ಡಬ್ಬವನ್ನು ಬೆಡ್‌ರೂಮಿಗೆ ಒಯ್ದು, ಟಬ್ಬಿನಲ್ಲಿ ಮುಳುಗಿಸಿ ತೆರೆದೆ. ಮೇಡಂನ ಗಂಡ ಬಾಗಿಲು ಹಿಡಿದುಕೊಂಡು ನಿಂತಿದ್ದರು.

ಖಾಲಿ ತೊಟ್ಟಿಯನ್ನು ಅವರೂ ನಾನೂ ಎತ್ತಿ ಊಟದ ಮೇಜಿನ ಮೇಲಿಟ್ಟೆವು. ನೆಲದ ಹಾಸು ಕಿತ್ತು ಫ್ಯಾನು ಹಾಕಿದೆವು. ಕಪಾಟು ಎತ್ತುವಾಗಲೇ ಒಂದು ಕಾಲು ಕಳಚಿ ಬಂತು. ಅವರು ಅದನ್ನು ಕೈಯಲ್ಲಿ ಹಿಡಿದು ನೋಡಿ ನನ್ನ ಮುಖ ನೋಡಿದರು.

"ಇದರ ಮೇಲೆ ಅಷ್ಟು ನೀರಿತ್ತಾ?"

"ಇತ್ತು ಸರ್."

ಆಮೇಲೆ ಅವರು ತೊಟ್ಟಿಯನ್ನು ತೆಗೆದುಬಿಡುವ ಮಾತು ಎತ್ತಲಿಲ್ಲ. ಒಂದು ಷರತ್ತು ಮಾತ್ರ ಹಾಕಿದರು. "ಕರೆಂಟಿನ ಬೋರ್ಡು ಇನ್ಮೇಲೆ ಕೆಳಗಿರಬಾರದು. ಗೋಡೆ ಮೇಲೆ, ತೊಟ್ಟಿಯಿಂದ ದೂರ. ಅದು ಆಗದಿದ್ರೆ ಬೇಡ." ನಾನು ಒಪ್ಪಿದೆ. ಅದು ಸರಿಯಾದ ಮಾತೇ ಆಗಿತ್ತು.

ಗಾಜುಗಳನ್ನು ಬೆಸೆದ ಹಳೆಯ ಸಿಲಿಕೋನ್ ಮೇಲೆ ಹೊಸದು ಅಂಟುವುದಿಲ್ಲ. ಹಳೆಯದನ್ನು ಪೂರ್ತಿ ಕೆರೆದು ತೆಗೆಯಬೇಕು. ತಳದ ಸುತ್ತ ಒಳಗಿನ ಪಟ್ಟಿಯನ್ನೆಲ್ಲ ಬ್ಲೇಡಿನಲ್ಲಿ ಕೆರೆದೆ. ಬಿಟ್ಟಿದ್ದ ಮೂಲೆಯಲ್ಲಿ ಗಾಜುಗಳ ನಡುವೆ ತೆಳು ಬ್ಲೇಡು ತೂರಿಸಿ ಸ್ವಚ್ಛ ಮಾಡಿದೆ. ಸ್ಪಿರಿಟ್ಟಿನಲ್ಲಿ ಒರೆಸಿ, ಬೂಷ್ಟು ತಡೆಯುವ ಔಷಧಿ ಬೆರೆಸದ ಸಿಲಿಕೋನನ್ನೇ ತುಂಬಿದೆ. ಆ ಔಷಧಿ ಇದ್ದರೆ ಮೀನಿಗೆ ವಿಷ. ಮನೆಯೆಲ್ಲ ವಿನೆಗರ್ ವಾಸನೆ. ಅದು ಗಟ್ಟಿಯಾಗಲು ತೇವದ ಗಾಳಿ ಬೇಕು, ಈ ಊರಿನಲ್ಲಿ ಅದಕ್ಕೇನೂ ಕೊರತೆಯಿಲ್ಲ. ಆದರೂ ಕೆಲವು ದಿನ ಮುಟ್ಟುವ ಹಾಗಿಲ್ಲ. ಆ ದಿನಗಳಲ್ಲಿ ನಾನು ಬೇರೆ ಮನೆಗಳ ಕೆಲಸ ಮುಗಿಸಿ, ದಿನವೂ ಇಲ್ಲಿಗೆ ಬಂದು ಟಬ್ಬಿನ ನೀರು ಸ್ವಲ್ಪ ಬದಲಾಯಿಸಿ ಹೋಗುತ್ತಿದ್ದೆ. ಟಬ್ಬಿನಲ್ಲಿ ಕಲ್ಲು, ಮರಳು ಇಲ್ಲದ್ದರಿಂದ ಹೊಲಸು ಬೇಗ ಸೇರುತ್ತಿತ್ತು.

ಹೊಸ ಕಬ್ಬಿಣದ ಸ್ಟ್ಯಾಂಡು ಬಂದಿತ್ತು. ಅದನ್ನು ಅಡುಗೆಮನೆಯಲ್ಲಿ, ನೀರು ಹರಿದುಹೋಗುವ ಬಚ್ಚಲಿನ ಹತ್ತಿರ ನಿಲ್ಲಿಸಿ, ತೊಟ್ಟಿ ಇಟ್ಟು, ಸುತ್ತ ಟಿಶ್ಯೂ ಹಾಸಿ, ನಲ್ಲಿಯ ನೀರು ತುಂಬಿಸಿದೆ. ಮೊದಲ ದಿನ ಒಣಗಿತ್ತು. ಮರುದಿನ ಬೆಳಿಗ್ಗೆ ಮೇಡಂ ಫೋನ್ ಮಾಡಿದರು.

"ಎರಡು ವಿಷಯ. ಟಬ್ ತುಂಬಾ ದಾರದ ತುಂಡಿನ ಹಾಗೆ ಏನೇನೋ ಓಡಾಡ್ತಿವೆ. ಮರಿ ಹಾಕಿದೆ."

"ಇನ್ನೊಂದು?"

"ಹಿಂದಿನ ಮೂಲೆ ಟಿಶ್ಯೂ ಒದ್ದೆ."

ಎಂಆರ್‌ಟಿ ರೈಲಿನಲ್ಲಿ ನಿಂತು ಹೋಗುವಾಗ ನನಗೆ ಒಂದೇ ಯೋಚನೆ. ಕೆರೆಯುವಾಗ ಆ ಮೂಲೆಯ ಒಳಗಡೆ ಹಳೆಯ ಸಿಲಿಕೋನಿನ ತೆಳು ಪೊರೆ ಉಳಿದಿದೆ. ಬ್ಲೇಡು ಅಲ್ಲಿಗೆ ಹೋಗಿಲ್ಲ, ಹೋಗುವುದೂ ಇಲ್ಲ. ಇನ್ನೊಂದು ಸಲ ಹಾಗೇ ಕೆರೆದರೂ ಫಲ ಇದೇ.

ಟಬ್ಬಿನಲ್ಲಿ ನೂರಾರು ಮರಿಗಳಿದ್ದವು. ಒಂದೊಂದೂ ರೆಪ್ಪೆಯ ಕೂದಲಿನಷ್ಟು, ಆದರೆ ಪೂರ್ತಿ ಕುದುರೆಯದೇ ಆಕಾರ. ತಳದಲ್ಲಿ ಸತ್ತವೂ ಇದ್ದವು. ದೊಡ್ಡವು ಮರಿಗಳನ್ನು ತಿನ್ನದಿರಲೆಂದು ಮೇಡಂ ಆಗಲೇ ಬಟ್ಟಲಿನಿಂದ ಮೊಗೆದು ಮೊಗೆದು ಬೇರೆ ಪಾತ್ರೆಗೆ ಹಾಕುತ್ತಿದ್ದರು. ಲ್ಯಾಬಿಗೆ ರಜೆ ಹೇಳಿದ್ದರು.

"ಇವು ಎಷ್ಟು ಬದುಕತ್ವೆ?"

"ಬಹಳ ಕಮ್ಮಿ ಮೇಡಂ. ತೊಟ್ಟಿ ಸರಿ ಇದ್ದಿದ್ರೂ ಅಷ್ಟೇ."

ತಲೆಯಾಡಿಸಿ ಮತ್ತೆ ಮೊಗೆಯಲು ಕೂತರು. ಸೀಗಡಿ ಮೊಟ್ಟೆಗಳನ್ನು ಉಪ್ಪುನೀರಿನಲ್ಲಿ ಒಡೆಸಿ ಮರಿಗಳಿಗೆ ಆಹಾರ ಮಾಡುವುದನ್ನು ಅವರಿಗೆ ತೋರಿಸಿಕೊಟ್ಟು, ನಾನು ಅಡುಗೆಮನೆಗೆ ಹೋದೆ.

ನೀರು ಖಾಲಿ ಮಾಡಿ, ಹಿಂದಿನ ಗಾಜನ್ನು ಪೂರ್ತಿ ಬಿಡಿಸುವುದೆಂದು ನಿರ್ಧರಿಸಿದೆ. ಮೊದಲ ಸಲವೇ ಮಾಡಬೇಕಿದ್ದದ್ದು. ಗಾಜು ಒಡೆದೀತೆಂಬ ಭಯಕ್ಕೆ ಮಾಡಿರಲಿಲ್ಲ. ಒಡೆದರೆ ತೊಟ್ಟಿ ಮುಗಿಯಿತು. ಆದರೆ ಅದೇ ತೊಟ್ಟಿಯನ್ನು ಹಾಗೇ ಹಾಲಿಗೆ ಒಯ್ದಿಟ್ಟು ಇನ್ನೊಬ್ಬರ ತಲೆಯ ಮೇಲೆ ನೀರು ತುಂಬಿಸಲು ನನಗೆ ಧೈರ್ಯವಿರಲಿಲ್ಲ.

ಮೇಡಂನ ಗಂಡ ಲ್ಯಾಪ್‌ಟಾಪ್ ಮುಚ್ಚಿ ಬಂದರು. ಅವರು ಗಾಜನ್ನು ಎರಡೂ ಕೈಯಲ್ಲಿ ಆನಿಸಿ ಹಿಡಿದರು. ನಾನು ತೆಳು ಉಕ್ಕಿನ ತಂತಿಯ ಎರಡು ತುದಿಗೆ ಬಟ್ಟೆ ಸುತ್ತಿಕೊಂಡು, ಗಾಜುಗಳ ನಡುವಿನ ಬೆಸುಗೆಗೆ ತೂರಿಸಿ, ಗರಗಸದ ಹಾಗೆ ಹಿಂದೆ ಮುಂದೆ ಎಳೆಯತೊಡಗಿದೆ. ತಂತಿ ಬೆರಳುದ್ದ ಮುಂದೆ ಹೋದರೆ ಹೆಚ್ಚು. ನಡುವೆ ಎಲ್ಲೋ ಚಟ್ ಎಂದಿತು. ಇಬ್ಬರೂ ಹಾಗೇ ನಿಂತೆವು.

"ಒಡೀತಾ?" ಎಂದು ಮೆಲ್ಲಗೆ ಕೇಳಿದರು.

ಟಾರ್ಚು ಹಿಡಿದು ನೋಡಿದೆ. ತಂತಿಯ ಒಂದು ಎಳೆ ಕಿತ್ತಿತ್ತು. ಗಾಜಿಗೆ ಏನೂ ಆಗಿರಲಿಲ್ಲ. "ಇಲ್ಲ ಸರ್. ಬಿಡಬೇಡಿ, ಹಾಗೇ ಹಿಡಿದಿರಿ." ಹೊಸ ತಂತಿ ಸುತ್ತಿಕೊಂಡೆ. ಕೊನೆಯ ಮೂಲೆ ಬಿಟ್ಟಾಗ ಗಾಜು ಅವರ ಕೈಗೆ ಭಾರವಾಗಿ ಬಂತು. ಅವರ ಅಂಗಿ ಬೆನ್ನಿಗೆ ಅಂಟಿತ್ತು.

ಬಿಡಿಸಿದ ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಪೊರೆ ಕಂಡಿತು. ಮೂಲೆಯಲ್ಲಿ ಉಗುರಿನಗಲ, ಮೊಟ್ಟೆಯ ಒಳಪೊರೆಯಷ್ಟು ತೆಳ್ಳಗೆ. ಇಷ್ಟಕ್ಕೆ ಇಷ್ಟೆಲ್ಲ. ಅದನ್ನು ಕೆರೆದು, ಒರೆಸಿ, ಕಣ್ಣಿಗಿಂತ ಉಗುರನ್ನು ನಂಬಿ ಅಂಚಿನುದ್ದಕ್ಕೂ ಉಗುರಾಡಿಸಿ ನೋಡಿದೆ. ಆಮೇಲೆ ಸಿಲಿಕೋನ್ ಹಾಕಿ ಗಾಜು ಕೂರಿಸಿ, ಟೇಪು ಬಿಗಿದು, ಈ ಸಲ ಬೇಕಾದ್ದಕ್ಕಿಂತ ಹೆಚ್ಚೇ ದಿನ ಬಿಟ್ಟೆವು.

ಆ ದಿನಗಳು ಸುಲಭವಾಗಿರಲಿಲ್ಲ. ಮರಿಗಳು ದಿನದಿನವೂ ಕಡಿಮೆಯಾಗುತ್ತಾ ಹೋದವು. ಮರಿ ಹಾಕಿದ ಗಂಡು ಟಬ್ಬಿನ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತು, ಎರಡು ದಿನ ಏನೂ ತಿನ್ನಲಿಲ್ಲ. ಆಮೇಲೆ ಒಂದು ಮಧ್ಯಾಹ್ನ, ನಾವು ನೋಡುತ್ತಿದ್ದಾಗಲೇ, ಕತ್ತು ಕೊಂಕಿಸಿ ಒಂದು ಸೀಗಡಿಯನ್ನು ಟಕ್ಕೆಂದು ಎಳೆದುಕೊಂಡಿತು. ಮೇಡಂ ನನ್ನ ತೋಳು ಹಿಡಿದುಕೊಂಡರು.

ಮತ್ತೆ ಪರೀಕ್ಷೆಗೆ ನೀರು ತುಂಬಿಸಿದಾಗ ಮೇಡಂ, ಅವರ ಗಂಡ, ನಾನು ಸರದಿಯಲ್ಲಿ ಟಿಶ್ಯೂ ಮುಟ್ಟಿ ನೋಡುತ್ತಿದ್ದೆವು. ನಾನಿಲ್ಲದಾಗ ಅವರು ಫೋಟೋ ಕಳಿಸುತ್ತಿದ್ದರು. ಟಿಶ್ಯೂ ಒಣಗಿತ್ತು, ಮರುದಿನವೂ ಒಣಗಿತ್ತು, ಅದರ ಮಾರನೆಯ ದಿನವೂ. ಆಮೇಲೆಯೇ ತೊಟ್ಟಿಯನ್ನು ಹಾಲಿಗೆ ತಂದು, ರಸಮಟ್ಟ ಇಟ್ಟು, ಬೋರ್ಡನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಗೋಡೆಯ ಮೇಲೆ ಹಾಕಿಸಿ, ಉಪ್ಪುನೀರು ತುಂಬಿಸಿದ್ದು. ಕೆಳಗಿನ ಆಂಟಿಯನ್ನು ಕರೆದು ತೋರಿಸಿದೆವು. ಅವರು ತೊಟ್ಟಿಯನ್ನು ಬಿಟ್ಟು ಮೊದಲು ಕೆಳಗೆ ಬಗ್ಗಿ ಸ್ಟ್ಯಾಂಡಿನ ಅಡಿಯ ನೆಲವನ್ನು ಅಂಗೈಯಿಂದ ಮುಟ್ಟಿ ನೋಡಿದರು. ಅಂಗೈ ನೋಡಿಕೊಂಡು, ಮದುವೆಯ ಬಟ್ಟೆಯನ್ನು ಮದುಮಗಳ ಮನೆಯವರು ನಿನ್ನೆಯೇ ಒಯ್ದರು, ಏನೂ ಆಗಲಿಲ್ಲ ಎಂದರು. ಸೀಲಿಂಗ್ ಒಣಗಿದ ಮೇಲೆ ಬಣ್ಣ ಹೊಡೆಸಿಕೊಡುತ್ತೇವೆ ಎಂದು ಮೇಡಂ ಹೇಳಿದಾಗ, "ಮೊದಲು ಒಣಗಲಿ" ಎಂದರು.

ಕಲ್ಲು, ಮರಳು ಸೇರಿ ನೀರು ಹದಕ್ಕೆ ಬರಲು ಇನ್ನೂ ಕೆಲವು ದಿನ ಬಿಟ್ಟು, ಕಡಲಕುದುರೆಗಳನ್ನು ಒಳಗೆ ಬಿಟ್ಟೆವು. ಬದುಕಿದ ಹತ್ತಾರು ಮರಿಗಳು ಬೇರೆ ಪಾತ್ರೆಯಲ್ಲೇ ಇದ್ದವು. ಹೆಣ್ಣು ಡಬ್ಬ ತೆರೆದ ಕೂಡಲೇ ಹೊರಟುಹೋಯಿತು. ಗಂಡು ಡಬ್ಬದ ಬಾಯಲ್ಲೇ ನಿಂತು ಸುತ್ತ ನೋಡಿತು. ನಾನು ಡಬ್ಬವನ್ನು ನಿಧಾನಕ್ಕೆ ಹಿಂದೆ ಸರಿಸಿದೆ. ಅದು ಹಿಡಿದುಕೊಳ್ಳಲು ಏನಾದರೂ ಹುಡುಕುತ್ತಾ ಬಾಲ ಬಿಚ್ಚಿ, ಹತ್ತಿರವಿದ್ದ ನನ್ನ ಕಿರುಬೆರಳಿಗೆ ಸುತ್ತಿಕೊಂಡಿತು.

ಇಷ್ಟು ಚಿಕ್ಕ ಜೀವಕ್ಕೆ ಅಷ್ಟು ಬಿಗಿ ಇರುತ್ತದೆಂದು ನಾನು ಅಂದುಕೊಂಡಿರಲಿಲ್ಲ.

"ಈಗೇನು ಮಾಡ್ತೀರಿ?" ಎಂದು ಮೇಡಂನ ಗಂಡ ಕೇಳಿದರು.

"ಅದು ಬಿಡೋವರೆಗೂ ಕಾಯೋದು."

ಮೇಡಂ ಒಂದು ಕುರ್ಚಿ ತಂದು ನನ್ನ ಹಿಂದೆ ಇಟ್ಟರು. ತೋಳನ್ನು ನೀರಿನಲ್ಲೇ ಇಟ್ಟುಕೊಂಡು ಹಿಮ್ಮಡಿಯಿಂದ ಕುರ್ಚಿ ಎಳೆದುಕೊಂಡು ಕೂತೆ. ಚೀಲದಲ್ಲಿದ್ದ ನನ್ನ ಫೋನು ರಿಂಗಾಯಿತು, ಮುಂದಿನ ಮನೆಯದೇ ಇರಬೇಕು. ಮೇಡಂ ತಂದುಕೊಡಲಾ ಎಂಬಂತೆ ನೋಡಿದರು. ಬೇಡ ಎಂದು ತಲೆಯಾಡಿಸಿದೆ. ಅದು ರಿಂಗಾಗಿ ನಿಂತಿತು. ಅವರು ಕಾಫಿ ಮಾಡಲು ಒಳಗೆ ಹೋದರು.